ಸೋತ ಊರೇ ತವರಾದ ಪ್ರಕರಣ: ಬಳ್ಳಾರಿ 1999 ಮತ್ತು ಸುಷ್ಮಾ ಸ್ವರಾಜ್

1999ರ ಆಗಸ್ಟ್ 18, ಬುಧವಾರ. ಬಳ್ಳಾರಿ ಲೋಕಸಭಾ ಕ್ಷೇತ್ರಕ್ಕೆ ನಾಮಪತ್ರ ಸಲ್ಲಿಸಲು ಅಂದೇ ಕಡೆಯ ದಿನ. ಕಾಂಗ್ರೆಸ್ ಅಧ್ಯಕ್ಷೆ ಸೋನಿಯಾ ಗಾಂಧಿ ಅಮೇಠಿಯ ಜೊತೆಗೆ ದಕ್ಷಿಣದ ಒಂದು ಕ್ಷೇತ್ರದಿಂದಲೂ ನಿಲ್ಲುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ಯಾವ ಕ್ಷೇತ್ರ ಎಂಬುದನ್ನು ಮಾತ್ರ ಪಕ್ಷ ಬಾಯಿ ಬಿಟ್ಟಿರಲಿಲ್ಲ. ಆಂಧ್ರದ ಕಡಪದ ಹೆಸರು ಪತ್ರಿಕೆಗಳಲ್ಲಿ ಓಡಾಡುತ್ತಿತ್ತು. ಹೈದರಾಬಾದ್ ಮೂಲಕ ಬಂದ ಸೋನಿಯಾ ಇಳಿದದ್ದು ಬಳ್ಳಾರಿಯಲ್ಲಿ. ಅದೇ ದಿನ ಬಿಜೆಪಿಯಿಂದ ನಾಮಪತ್ರ ಸಲ್ಲಿಸಿದವರು ಸುಷ್ಮಾ ಸ್ವರಾಜ್.

ಕಾಂಗ್ರೆಸ್ಸಿನ ಗುಟ್ಟಿಗೆ ಕಾರಣವಿತ್ತು. 1984ರಲ್ಲಿ ಗ್ವಾಲಿಯರ್‌ನಲ್ಲಿ ವಾಜಪೇಯಿ ಅವರ ಎದುರು ಮಾಧವರಾವ್ ಸಿಂಧಿಯಾ ಕೊನೆಯ ಗಳಿಗೆಯಲ್ಲಿ ನಾಮಪತ್ರ ಹಾಕಿದ್ದರು. ಬೇರೆ ಕ್ಷೇತ್ರ ಹುಡುಕಿಕೊಳ್ಳಲು ವಾಜಪೇಯಿ ಅವರಿಗೆ ಸಮಯವೇ ಉಳಿಯಲಿಲ್ಲ, ಸೋತರು. ಎದುರಾಳಿಗೆ ಉಸಿರಾಡಲು ಬಿಡದಿರುವ ಆ ಉಪಾಯ ಬಳ್ಳಾರಿಯಲ್ಲಿ ಫಲಿಸಲಿಲ್ಲ. ಬಿಜೆಪಿ ತನ್ನ ಅಭ್ಯರ್ಥಿಯನ್ನು ಸಿದ್ಧವಾಗಿಟ್ಟುಕೊಂಡೇ ಕಾದಿತ್ತು.

ಮುಂದಿನದು ಎಲ್ಲರಿಗೂ ಗೊತ್ತಿರುವ ಸಂಗತಿ. ಸುಷ್ಮಾ ಕನ್ನಡದಲ್ಲಿ ಭಾಷಣ ಮಾಡಿದರು, ಸೋತರು. ಸೋನಿಯಾ ಗೆದ್ದರು, ಅಮೇಠಿಯನ್ನು ಉಳಿಸಿಕೊಂಡು ಬಳ್ಳಾರಿಗೆ ರಾಜೀನಾಮೆ ಕೊಟ್ಟರು. ಆದರೆ ಈ ಪ್ರಕರಣವನ್ನು ಬರೆಯಲು ನನ್ನನ್ನು ಎಳೆದದ್ದು ಆ ಫಲಿತಾಂಶವಲ್ಲ, ಅದರ ಬಾಲ. ಗೆದ್ದವರಿಗೆ ಬಳ್ಳಾರಿ ಕೆಲವೇ ದಿನಗಳ ನಂಟಾಯಿತು. ಸೋತವರಿಗೆ ಹನ್ನೆರಡು ವರ್ಷಗಳ ಕಾಲ ಕಳಚಿಕೊಳ್ಳದ ಸಂಬಂಧವಾಯಿತು. ಆ ಸಂಬಂಧ ಅವರಿಗೆ ಕೊಟ್ಟದ್ದೂ ಬಹಳ, ಅವರಿಂದ ಕಿತ್ತುಕೊಂಡದ್ದೂ ಕಡಿಮೆಯಲ್ಲ.

ಬಳ್ಳಾರಿಯೇ ಏಕೆ

ನೆಹರೂ ಮನೆತನದ ಹೆಣ್ಣುಮಕ್ಕಳಿಗೆ ಕಷ್ಟಕಾಲದಲ್ಲಿ ದಕ್ಷಿಣ ನೆನಪಾಗುವುದು 1999ಕ್ಕೆ ಹೊಸದಲ್ಲ. 1977ರಲ್ಲಿ ಉತ್ತರ ಭಾರತ ಕಾಂಗ್ರೆಸ್ಸನ್ನು ಗುಡಿಸಿಹಾಕಿದಾಗ ಕರ್ನಾಟಕ 28ರಲ್ಲಿ 26 ಸ್ಥಾನಗಳನ್ನು ಅದಕ್ಕೆ ಕೊಟ್ಟಿತ್ತು. ಮರುವರ್ಷ ಡಿ.ಬಿ. ಚಂದ್ರೇಗೌಡರು ತೆರವು ಮಾಡಿಕೊಟ್ಟ ಚಿಕ್ಕಮಗಳೂರಿನಿಂದ ಇಂದಿರಾ ಗಾಂಧಿ ನಿಂತು, ವೀರೇಂದ್ರ ಪಾಟೀಲರನ್ನು 77 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿ ಲೋಕಸಭೆಗೆ ಮರಳಿದರು. 1980ರಲ್ಲಿ ಅವರು ರಾಯ್‌ಬರೇಲಿ ಮತ್ತು ಮೇದಕ್ ಎರಡರಲ್ಲೂ ಗೆದ್ದು ಮೇದಕ್ಕನ್ನು ಉಳಿಸಿಕೊಂಡರು. ಅತ್ತೆ ದಕ್ಷಿಣವನ್ನು ಇಟ್ಟುಕೊಂಡರು, ಸೊಸೆ ಬಿಟ್ಟುಕೊಟ್ಟರು. ಈ ವ್ಯತ್ಯಾಸವನ್ನು ಇಲ್ಲಿ ಗುರುತಿಟ್ಟುಕೊಂಡರೆ ಮುಂದೆ ಉಪಯೋಗಕ್ಕೆ ಬರುತ್ತದೆ.

ಬಳ್ಳಾರಿ 1952ರಿಂದ ಕಾಂಗ್ರೆಸ್ಸನ್ನು ಬಿಟ್ಟು ಬೇರೆಯವರನ್ನು ಲೋಕಸಭೆಗೆ ಕಳಿಸಿರಲಿಲ್ಲ. 1977ರ ಚುನಾವಣೆಯಲ್ಲೂ ಅದು ಅಲುಗಿರಲಿಲ್ಲ. ಎಂಬತ್ತರ ದಶಕದಿಂದ ಬಸವರಾಜೇಶ್ವರಿ ಮೂರು ಬಾರಿ ಗೆದ್ದಿದ್ದರು, ಅಂದರೆ ದೆಹಲಿಗೆ ಮಹಿಳೆಯನ್ನು ಕಳಿಸುವುದೂ ಈ ಜಿಲ್ಲೆಗೆ ರೂಢಿಯಾಗಿತ್ತು. ನೆಲವೂ ವಿಚಿತ್ರ. 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿದ್ದು, ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳನ್ನು ಆಂಧ್ರಕ್ಕೆ ಬಿಟ್ಟು ಮೈಸೂರಿಗೆ ಸೇರಿದ ಜಿಲ್ಲೆ ಅದು. ಒಂದೇ ಬೀದಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಕೇಳಿಸುತ್ತವೆ. ಹೊಸಪೇಟೆಯ ಕಡೆ ತುಂಗಭದ್ರೆಯ ಕಾಲುವೆ ನೀರು, ಕೂಡ್ಲಿಗಿಯ ಕಡೆ ಒಣ ನೆಲ, ಸಂಡೂರಿನಲ್ಲಿ ಕಬ್ಬಿಣದ ಅದಿರಿನ ಬೆಟ್ಟಗಳು. ಆ ಅದಿರು ಆಗಿನ್ನೂ ಯಾರನ್ನೂ ಸರ್ಕಾರ ಬೀಳಿಸುವಷ್ಟು ಶ್ರೀಮಂತರನ್ನಾಗಿ ಮಾಡಿರಲಿಲ್ಲ.

ಸುಷ್ಮಾ ಅವರೇ ಏಕೆ

ಹರಿಯಾಣದ ಅಂಬಾಲಾ ಕಂಟೋನ್ಮೆಂಟಿನಲ್ಲಿ 1952ರ ಫೆಬ್ರವರಿ 14ರಂದು ಹುಟ್ಟಿದವರು. ಸಂಸ್ಕೃತ ಮತ್ತು ರಾಜ್ಯಶಾಸ್ತ್ರ ಓದಿ, ಚಂಡೀಗಢದಲ್ಲಿ ಕಾನೂನು ಮುಗಿಸಿ ಸುಪ್ರೀಂ ಕೋರ್ಟಿನಲ್ಲಿ ವಕೀಲಿಕೆಗೆ ಇಳಿದರು. ತಂದೆ ಆರೆಸ್ಸೆಸ್‌ನವರು. 1975ರ ಜುಲೈಯಲ್ಲಿ, ತುರ್ತುಪರಿಸ್ಥಿತಿ ಬಂದ ಕೆಲವೇ ದಿನಗಳಲ್ಲಿ, ಸಮಾಜವಾದಿ ಬಳಗದ ವಕೀಲ ಸ್ವರಾಜ್ ಕೌಶಲ್ ಅವರನ್ನು ಮದುವೆಯಾದರು. ತುರ್ತುಪರಿಸ್ಥಿತಿಯ ವಿರುದ್ಧ ಸ್ಫೋಟದ ಸಂಚು ಹೂಡಿದ ಆರೋಪದ ಬರೋಡ ಡೈನಮೈಟ್ ಪ್ರಕರಣದಲ್ಲಿ ಜಾರ್ಜ್ ಫರ್ನಾಂಡಿಸ್ ಅವರ ಪರ ನಿಂತ ವಕೀಲರ ತಂಡದಲ್ಲಿ ಸುಷ್ಮಾ ಅವರೂ ಇದ್ದರು. ಎರಡು ವರ್ಷ ಕಳೆದು, 25ನೆಯ ವಯಸ್ಸಿಗೆ, ದೇವಿಲಾಲ್ ಸಂಪುಟದಲ್ಲಿ ಸಚಿವೆಯಾದರು.

ಹೊರಗಿನಿಂದ ನೋಡಿದರೆ ಏಣಿ ಹತ್ತಿದ ಹಾಗೆ ಕಾಣುತ್ತದೆ. ಹಾಗೇನೂ ಇರಲಿಲ್ಲ. ಕರ್ನಾಲ್ ಕ್ಷೇತ್ರದಿಂದ ಲೋಕಸಭೆಗೆ ಮೂರು ಬಾರಿ ನಿಂತು ಮೂರು ಬಾರಿಯೂ ಸೋತಿದ್ದಾರೆ. 1996ರಲ್ಲಿ ದಕ್ಷಿಣ ದೆಹಲಿ ಕೈಹಿಡಿಯುವವರೆಗೆ ಸಂಸತ್ತಿಗೆ ಅವರ ದಾರಿ ರಾಜ್ಯಸಭೆಯದೇ. ಅದೇ ವರ್ಷ ದೇವೇಗೌಡರ ಸರ್ಕಾರದ ವಿಶ್ವಾಸಮತ ಚರ್ಚೆಯಲ್ಲಿ ಅವರು ಮಾಡಿದ ಭಾಷಣ ದೇಶಕ್ಕೆ ಅವರ ದನಿಯನ್ನು ಪರಿಚಯಿಸಿತು. ವಾಜಪೇಯಿ ಅವರ ಹದಿಮೂರು ದಿನಗಳ ಸರ್ಕಾರದಲ್ಲಿ ವಾರ್ತಾ ಸಚಿವೆಯಾಗಿ ಲೋಕಸಭೆಯ ಚರ್ಚೆಯನ್ನು ಟಿವಿಯಲ್ಲಿ ನೇರ ಪ್ರಸಾರ ಮಾಡಿಸಿದ್ದೂ ಅವರೇ. ಕ್ಯಾಮೆರಾ ಮುಂದೆ ಯಾರು ಚೆನ್ನಾಗಿ ಮಾತನಾಡಬಲ್ಲರು ಎಂಬುದು ಅವರಿಗೆ ಗೊತ್ತಿರದ ವಿಷಯವೇನಲ್ಲ!

1998ರ ಅಕ್ಟೋಬರಿನಲ್ಲಿ ಈರುಳ್ಳಿ ಬೆಲೆ ದೆಹಲಿಯ ಬಿಜೆಪಿ ಸರ್ಕಾರದ ಕುತ್ತಿಗೆಗೆ ಬಂದಿತ್ತು. ಚುನಾವಣೆ ಬಾಗಿಲಲ್ಲಿತ್ತು. ಕೇಂದ್ರ ಸಚಿವೆಯಾಗಿದ್ದ ಸುಷ್ಮಾ ಅವರನ್ನು ಪಕ್ಷ ಎಬ್ಬಿಸಿ ತಂದು ಮುಖ್ಯಮಂತ್ರಿ ಕುರ್ಚಿಯಲ್ಲಿ ಕೂರಿಸಿತು. ದೆಹಲಿಯ ಮೊದಲ ಮಹಿಳಾ ಮುಖ್ಯಮಂತ್ರಿ ಎಂಬ ದಾಖಲೆ ಸೇರಿತು, ಆದರೆ ಅಧಿಕಾರ ಇದ್ದದ್ದು ಎರಡು ತಿಂಗಳಿಗೂ ಕಡಿಮೆ. 70 ಸ್ಥಾನಗಳಲ್ಲಿ ಬಿಜೆಪಿಗೆ ಉಳಿದದ್ದು 15. ಹೌಜ್ ಖಾಸ್‌ನಲ್ಲಿ ತಾವು ಗೆದ್ದ ವಿಧಾನಸಭಾ ಸ್ಥಾನವನ್ನು ಬಿಟ್ಟು ಅವರು ಲೋಕಸಭೆಗೆ ಮರಳಿದರು.

ಬಳ್ಳಾರಿಯನ್ನು ಈ ದೆಹಲಿಯ ಪಕ್ಕದಲ್ಲಿಟ್ಟು ನೋಡಬೇಕು. ಹತ್ತು ತಿಂಗಳ ಅಂತರದಲ್ಲಿ ಎರಡು ಬಾರಿ, ಗೆಲುವು ಅಸಾಧ್ಯವೆನ್ನಿಸುವ ಕಡೆಗೆ ಪಕ್ಷ ಅವರನ್ನೇ ಕಳಿಸಿತು. ಮನೆಗೆ ಬೆಂಕಿ ಬಿದ್ದಾಗ ಕೊಡ ಹೊರುವ ಸರದಿ ಯಾವಾಗಲೂ ಈ ಹೆಣ್ಣುಮಗಳದೇ. ಅವರು ಎರಡು ಬಾರಿ ಗೆದ್ದಿದ್ದ ದಕ್ಷಿಣ ದೆಹಲಿಯಲ್ಲಿ 1999ರಲ್ಲಿ ಬಿಜೆಪಿಯಿಂದ ನಿಂತದ್ದು ವಿಜಯ್ ಕುಮಾರ್ ಮಲ್ಹೋತ್ರಾ. ಮನಮೋಹನ್ ಸಿಂಗ್ ಅವರನ್ನು ಸೋಲಿಸಿ ಲೋಕಸಭೆಗೆ ಹೋದರು. ಸುಷ್ಮಾ ಅಲ್ಲಿಯೇ ನಿಂತಿದ್ದರೆ ಎಂದು ಊಹಿಸುವುದು ಸುಲಭ, ಪ್ರಯೋಜನವಿಲ್ಲ.

ಸೊಸೆ, ಮಗಳು

ಆ ವರ್ಷದ ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ ಒಂದೇ ಒಂದು ಮತದಿಂದ ಬಿದ್ದಿತ್ತು. ಮೇ ತಿಂಗಳಲ್ಲಿ ಸೋನಿಯಾ ಅವರ ವಿದೇಶಿ ಮೂಲವನ್ನು ಪ್ರಶ್ನಿಸಿದ ಶರದ್ ಪವಾರ್, ಪಿ.ಎ. ಸಂಗ್ಮಾ, ತಾರಿಕ್ ಅನ್ವರ್ ಕಾಂಗ್ರೆಸ್ಸಿನಿಂದ ಉಚ್ಚಾಟಿತರಾಗಿ ಹೊಸ ಪಕ್ಷ ಕಟ್ಟಿದ್ದರು. ಬೇಸಿಗೆಯಲ್ಲಿ ಕಾರ್ಗಿಲ್ ಯುದ್ಧ ನಡೆದು ದೇಶಾಭಿಮಾನದ ಕಾವು ಇನ್ನೂ ಆರಿರಲಿಲ್ಲ. ಬಿಜೆಪಿಗೆ ಬೇಕಾದ ಅಸ್ತ್ರ ಕೈಗೇ ಬಂದಿತ್ತು. ಬಳ್ಳಾರಿಯ ಸ್ಪರ್ಧೆಗೆ ಅದು ಕೊಟ್ಟ ಹೆಸರು ವಿದೇಶಿ ಬಹೂ ಮತ್ತು ಸ್ವದೇಶಿ ಬೇಟಿಯ ಕಾದಾಟ. ಹಿಂದಿಯಲ್ಲಿ ಪ್ರಾಸ ಕೂಡುವುದಿಲ್ಲವಾದರೂ ಲಯವಿದೆ.

ಈ ಘೋಷಣೆಯನ್ನು ಕನ್ನಡಕ್ಕೆ ತಂದು ನೋಡಿ: ವಿದೇಶಿ ಸೊಸೆ, ಸ್ವದೇಶಿ ಮಗಳು. ನಮ್ಮಲ್ಲಿ ಇದು ಉಲ್ಟಾ ಹೊಡೆಯುತ್ತದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬುದು ನಮ್ಮ ಗಾದೆ. ಹೊಸಿಲ ಮೇಲಿನ ಅಕ್ಕಿ ತುಂಬಿದ ಪಾತ್ರೆಯನ್ನು ಬಲಗಾಲಿನಿಂದ ಚೆಲ್ಲಿ ಒಳಗೆ ಬಂದವಳು ಎಲ್ಲಿಯವಳೇ ಆಗಿರಲಿ, ಆ ಗಳಿಗೆಯಿಂದ ಆ ಮನೆಯವಳು. ಮಗಳು ಎಷ್ಟೇ ಮುದ್ದಿನವಳಾದರೂ ಹಬ್ಬಕ್ಕೆ ಬಂದುಹೋಗುವವಳು. ಗಾದೆ ನ್ಯಾಯವೇ ಎಂದು ಕೇಳಬೇಡಿ, ಅದು ಬೇರೆ ಜಗಳ. ಹಳ್ಳಿಯ ಕಟ್ಟೆಯ ಮೇಲೆ ಕೂತವರಿಗೆ ಇಂದಿರಮ್ಮನ ಸೊಸೆ ಎಂದರೆ ಇಂದಿರಮ್ಮನ ಮನೆಯವಳು ಎಂದೇ ಅರ್ಥ. ಆ ಮನೆಯ ಋಣವನ್ನು ಉಳುವವನೇ ಹೊಲದೊಡೆಯ ಕಾನೂನಿನ ಕಾಲದಿಂದಲೂ ನೆನೆಯುವ ಕುಟುಂಬಗಳು ಈ ಜಿಲ್ಲೆಯಲ್ಲಿದ್ದವು.

ಇನ್ನೊಂದು ತೊಡಕೂ ಇತ್ತು. ಬಳ್ಳಾರಿಯವರ ಕಣ್ಣಿಗೆ ಅಂಬಾಲಾ ಹತ್ತಿರದ ಊರೇನಲ್ಲ. ಇಬ್ಬರು ಅಭ್ಯರ್ಥಿಗಳೂ ಹಾರಿಬಂದವರು, ಇಬ್ಬರದೂ ಹೊರಗಿನ ಭಾಷೆ. ಹೊರಗಿನವರು ಎಂಬ ಮಾತನ್ನು ಎತ್ತಿದ ಮರುಕ್ಷಣ ಅದು ಎತ್ತಿದವರ ಕಡೆಗೂ ತಿರುಗುವಂಥದ್ದು. ಸುಷ್ಮಾ ಅವರಿಗೆ ಇದು ಬೇಗ ಹೊಳೆದಿರಬೇಕು ಎಂದು ನನಗೆ ಅನ್ನಿಸುತ್ತದೆ. ಘೋಷಣೆಯನ್ನು ಪಕ್ಷ ಕೊಟ್ಟಿತು. ಕನ್ನಡವನ್ನು ಅವರು ತಾವಾಗಿಯೇ ಎತ್ತಿಕೊಂಡರು.

ಹನ್ನೆರಡು ದಿನಗಳ ಕನ್ನಡ

ಸುಷ್ಮಾ ಸ್ವರಾಜ್ ಮೂವತ್ತು ದಿನಗಳಲ್ಲಿ ಕನ್ನಡ ಕಲಿತರು ಎಂಬ ಮಾತು ಇಂದಿಗೂ ಓಡಾಡುತ್ತದೆ. ಕ್ಯಾಲೆಂಡರ್ ಇದನ್ನು ಒಪ್ಪುವುದಿಲ್ಲ. ಆಗಸ್ಟ್ 18ಕ್ಕೆ ನಾಮಪತ್ರ, ಸೆಪ್ಟೆಂಬರ್ ಮೊದಲ ವಾರದಲ್ಲಿ ಮತದಾನ. ನಡುವೆ ಮೂರು ವಾರವೂ ಇಲ್ಲ. ಪ್ರಚಾರಕ್ಕೆ ನಿಜವಾಗಿ ಸಿಕ್ಕಿದ್ದು ಹನ್ನೆರಡು ದಿನ ಎಂಬುದೇ ಹೆಚ್ಚು ಪ್ರಚಲಿತ ಲೆಕ್ಕ. ಆ ಹನ್ನೆರಡು ದಿನಗಳಲ್ಲಿ ಬಹಿರಂಗ ಸಭೆಗಳಲ್ಲಿ ನಿಂತು ಅವರು ಕನ್ನಡದಲ್ಲಿ ಮಾತನಾಡಿದರು. ದಂತಕಥೆಗಿಂತ ನಿಜವೇ ದೊಡ್ಡದಾಗಿರುವ ಅಪರೂಪದ ಸಂದರ್ಭ.

ಅವರಿಗೆ ಏನು ಸುಲಭವಾಗಿತ್ತು, ಏನು ಕಷ್ಟವಾಗಿರಬೇಕು ಎಂದು ಯೋಚಿಸಿದರೆ ಇದರ ತೂಕ ತಿಳಿಯುತ್ತದೆ. ಸಂಸ್ಕೃತ ಓದಿದವರಿಗೆ ವೇದಿಕೆಯ ಕನ್ನಡದ ಅರ್ಧ ಮೊದಲೇ ಬರುತ್ತದೆ. ಅಭಿವೃದ್ಧಿ, ಸ್ವಾಭಿಮಾನ, ಮಹಿಳೆ, ರಾಷ್ಟ್ರ, ಭವಿಷ್ಯ: ಈ ಪದಗಳಿಗೆ ಪಾಠ ಬೇಕಿಲ್ಲ. ಆದರೆ ಹಿಂದಿಯ ನಾಲಿಗೆ ಪದದ ಕೊನೆಯ ಅಕಾರವನ್ನು ನುಂಗುತ್ತದೆ, ಕರ್ನಾಟಕ ಎನ್ನಲು ಹೋಗಿ ಕರ್ನಾಟಕ್ ಆಗುತ್ತದೆ. ಹಿಂದಿಗೆ ಎ ಮತ್ತು ಏ, ಒ ಮತ್ತು ಓ ಬೇರೆಬೇರೆಯಲ್ಲ. ನಮಗೆ ಕೊಡು ಬೇರೆ, ಕೋಡು ಬೇರೆ. ಒತ್ತಕ್ಷರದಲ್ಲಿ ಒಂದು ಕ್ಷಣ ಕಡಿಮೆ ನಿಂತರೆ ಹಳ್ಳಿ ಹಳಿಯಾಗುತ್ತದೆ. ಅಂಬಾಲಾ ಕಡೆಯ ಪಂಜಾಬಿ ಮತ್ತು ಹರಿಯಾಣವಿ ಮಾತುಗಳಲ್ಲಿ ಳಕಾರ ಇರುವುದರಿಂದ ದೆಹಲಿಯ ಹಿಂದಿಯವರಿಗೆ ತೊಡಕುವ ಬಳ್ಳಾರಿಯ ಳ ಇವರಿಗೆ ಅಷ್ಟು ತೊಡಕಿರಲಿಕ್ಕಿಲ್ಲ. ಇದು ನನ್ನ ಊಹೆ, ಆದರೆ ಊರಿನ ಹೆಸರನ್ನೇ ಸರಿಯಾಗಿ ಹೇಳುವ ಅಭ್ಯರ್ಥಿಗೆ ಮೊದಲ ಚಪ್ಪಾಳೆ ಅಲ್ಲಿಯೇ ಬೀಳುತ್ತದೆ ಎಂಬುದು ಊಹೆಯಲ್ಲ.

ಅವರ ಕನ್ನಡ ಎಷ್ಟು ಕಲಿತದ್ದು, ಎಷ್ಟು ಉರು ಹೊಡೆದದ್ದು ಎಂಬ ತಕರಾರು ಎತ್ತಬಹುದು. ಹನ್ನೆರಡು ದಿನಗಳಲ್ಲಿ ಯಾರೂ ಭಾಷೆಯನ್ನು ಪೂರ್ತಿ ಕಲಿಯುವುದಿಲ್ಲ, ಬಹುಪಾಲು ಉರುವೇ ಇರಬೇಕು. ಆದರೆ ಉರು ಹೊಡೆದ ಮಾತನ್ನು ಸಾವಿರಾರು ಜನರ ಎದುರು ಏರಿಳಿತ ತಪ್ಪದೆ, ನಗು ಬರಬೇಕಾದಲ್ಲಿ ನಿಂತು, ಸಿಟ್ಟು ಬರಬೇಕಾದಲ್ಲಿ ಏರಿ ಹೇಳುವುದು ಸಣ್ಣ ಕೆಲಸವಲ್ಲ. ತಪ್ಪು ಮಾಡಲು ನಾಚಿಕೆಪಡದವರಿಗೆ ಮಾತ್ರ ಸಾಧ್ಯ. ನಮ್ಮ ರಾಜ್ಯದಲ್ಲೇ ವರ್ಷಗಟ್ಟಲೆ ಇದ್ದು ಒಂದು ವಾಕ್ಯ ಆಡದ ದೊಡ್ಡವರನ್ನು ನೋಡಿದ ಜನ, ಹಣೆಯ ತುಂಬ ಕುಂಕುಮವಿಟ್ಟು, ಸೀರೆಯ ಮೇಲೆ ಜಾಕೆಟ್ ತೊಟ್ಟ ಈ ಎತ್ತರದ ದನಿಯ ಹೆಂಗಸು ತಡವರಿಸದೆ ಕನ್ನಡ ಆಡಿದ್ದನ್ನು ಮರೆಯಲಿಲ್ಲ. ವೋಟು ಹಾಕದವರೂ ಮರೆಯಲಿಲ್ಲ.

ನಾಮಪತ್ರ ಸಲ್ಲಿಸಿದ ಎರಡೇ ದಿನಕ್ಕೆ, ಆಗಸ್ಟ್ 20ರ ಶುಕ್ರವಾರ, ವರಮಹಾಲಕ್ಷ್ಮಿ ಹಬ್ಬ ಬಂತು. ಕಲಶಕ್ಕೆ ಸೀರೆ ಉಡಿಸಿ, ತೆಂಗಿನಕಾಯಿಗೆ ಮುಖವಾಡ ಕಟ್ಟಿ, ಅರಿಶಿನ ಕುಂಕುಮಕ್ಕೆ ಓಣಿಯ ಮುತ್ತೈದೆಯರನ್ನೆಲ್ಲ ಕರೆಯುವ ದಿನ. ಚುನಾವಣೆಯ ಕರಪತ್ರ ಹೋಗದ ನಡುಮನೆಗೆ ಅರಿಶಿನ ಕುಂಕುಮದ ಕರೆ ಹೋಗುತ್ತದೆ. ಅಂಬಾಲಾದಲ್ಲಿ ಇಲ್ಲದ ಈ ಹಬ್ಬವನ್ನು ಸುಷ್ಮಾ ಬಳ್ಳಾರಿಯಲ್ಲಿ ಹಿಡಿದುಕೊಂಡರು, ಮತ್ತೆ ಬಿಡಲಿಲ್ಲ.

ಲೆಕ್ಕ

ಅಕ್ಟೋಬರ್ 6ರಂದು ಮತ ಎಣಿಕೆ ನಡೆಯಿತು. ಸೋನಿಯಾ ಗಾಂಧಿ 4,14,650, ಸುಷ್ಮಾ ಸ್ವರಾಜ್ 3,58,550. ಅಂತರ 56,100. ಶೇಕಡಾವಾರು ಹೇಳುವುದಾದರೆ 51.7 ಮತ್ತು 44.7.

ಈ ಏಳು ಶೇಕಡಾ ಅಂತರವನ್ನು ಒಂಟಿಯಾಗಿ ಓದಿದರೆ ಸೋಲು. ರಾಜ್ಯದ ಚಿತ್ರದೊಳಗಿಟ್ಟು ಓದಿದರೆ ಬೇರೆಯೇ ಅರ್ಥ. ದೇಶದಲ್ಲಿ ವಾಜಪೇಯಿ ಅವರ ಕೂಟ ಗೆದ್ದಿತು, ಕಾಂಗ್ರೆಸ್ 114 ಸ್ಥಾನಗಳಿಗೆ ಇಳಿಯಿತು. ಕರ್ನಾಟಕ ಮಾತ್ರ ತದ್ವಿರುದ್ಧ ದಿಕ್ಕಿಗೆ ನಡೆಯಿತು. ಇಲ್ಲಿ ಲೋಕಸಭೆ ಮತ್ತು ವಿಧಾನಸಭೆಗೆ ಒಟ್ಟಿಗೇ ಚುನಾವಣೆ. ಜೆ.ಎಚ್. ಪಟೇಲರ ಜನತಾದಳ ಸರ್ಕಾರದ ಮೇಲೆ ಜನರಿಗೆ ಬೇಸರವಿತ್ತು, ದಳ ಒಡೆದು ಎರಡಾಗಿತ್ತು. ಅಂಥ ಹೊತ್ತಿನಲ್ಲಿ ಬಿಜೆಪಿ ಪಟೇಲರ ಸಂಯುಕ್ತ ದಳದ ಜೊತೆಗೇ ಕೈಜೋಡಿಸಿತು. ಅಲ್ಲಿಯವರೆಗೆ ಬೈದ ಸರ್ಕಾರದ ಪಾಪದಲ್ಲಿ ತಾನಾಗಿಯೇ ಪಾಲು ಕೇಳಿ ಪಡೆದ ಹಾಗಾಯಿತು. ಎಸ್.ಎಂ. ಕೃಷ್ಣ ನೇತೃತ್ವದ ಕಾಂಗ್ರೆಸ್ 224ರಲ್ಲಿ 132 ಗೆದ್ದಿತು. ಲೋಕಸಭೆಯ 28ರಲ್ಲಿ 18 ಕಾಂಗ್ರೆಸ್ಸಿಗೆ, ಬಿಜೆಪಿಗೆ 7. ಯಡಿಯೂರಪ್ಪನವರು ಶಿಕಾರಿಪುರದಲ್ಲೇ ಸೋತರು. ಪಕ್ಷದ ರಾಜ್ಯ ನಾಯಕನ ಸ್ವಂತ ಕ್ಷೇತ್ರವೇ ಕೈಕೊಟ್ಟ ವರ್ಷದಲ್ಲಿ, ಬಿಜೆಪಿ ಎಂದೂ ಗೆದ್ದಿರದ ಕ್ಷೇತ್ರದಲ್ಲಿ, ಹೊರರಾಜ್ಯದ ಅಭ್ಯರ್ಥಿಗೆ ನೂರಕ್ಕೆ ನಲವತ್ತೈದರಷ್ಟು ಮತ ಬಂತು.

ಇದರಲ್ಲಿ ಕನ್ನಡದ ಪಾಲೆಷ್ಟು, ವಾಜಪೇಯಿ ಅವರ ಪಾಲೆಷ್ಟು, ಜಾತಿಯ ಪಾಲೆಷ್ಟು ಎಂದು ಬಿಡಿಸಿ ಹೇಳುವ ತಕ್ಕಡಿ ಇಲ್ಲ. ಸೋನಿಯಾ ಅವರ ಗೆಲುವಿಗೆ ಕಾರಣ ಹುಡುಕುವುದು ಅದಕ್ಕಿಂತ ಸುಲಭ. ಐವತ್ತು ವರ್ಷಗಳ ಕಾಂಗ್ರೆಸ್ ಮತ, ರಾಜ್ಯದಲ್ಲಿ ಬೀಸಿದ ಗಾಳಿ, ಇಂದಿರಮ್ಮನ ಹೆಸರು. ವಿದೇಶಿ ಮೂಲದ ವಾದ ನಡೆಯಬೇಕಿದ್ದರೆ ಕಾರ್ಗಿಲ್ ಮುಗಿದ ಆ ಮಳೆಗಾಲಕ್ಕಿಂತ ಒಳ್ಳೆಯ ಹೊತ್ತು ಮತ್ತೆ ಸಿಗುತ್ತಿರಲಿಲ್ಲ. ಆಗಲೂ ಬಳ್ಳಾರಿಯಲ್ಲಿ ಅದು ಗೆಲುವಿಗೆ ಸಾಲಲಿಲ್ಲ.

ಈ ಪಾಠವನ್ನು ಸುಷ್ಮಾ ಕಲಿತರೇ ಎಂದರೆ, ಇಲ್ಲ. 2004ರಲ್ಲಿ ಸೋನಿಯಾ ಪ್ರಧಾನಿಯಾಗುವ ಸಾಧ್ಯತೆ ಎದುರಾದಾಗ, ಹಾಗಾದರೆ ತಾನು ತಲೆ ಬೋಳಿಸಿಕೊಂಡು, ಬಿಳಿ ಸೀರೆಯುಟ್ಟು, ನೆಲದ ಮೇಲೆ ಮಲಗುತ್ತೇನೆ ಎಂದು ಅವರು ಶಪಥ ಮಾಡಿದರು. ಮೇ 18ರಂದು ಸೋನಿಯಾ ತಾವಾಗಿಯೇ ಹಿಂದೆ ಸರಿದರು, ಶಪಥ ಅಲ್ಲಿಗೇ ನಿಂತಿತು. ಅವರ ಇಡೀ ಸಾರ್ವಜನಿಕ ಬದುಕಿನಲ್ಲಿ ಇಷ್ಟು ಕೆಳಗಿಳಿದ ಮಾತು ಇನ್ನೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ವಿಧವೆಯ ವೇಷವನ್ನು ಬೆದರಿಕೆಯಾಗಿ ಬಳಸುವಾಗ, ಎದುರಿಗಿದ್ದವರು ನಿಜವಾಗಿ ಗಂಡನನ್ನು ಕಳೆದುಕೊಂಡವರು ಎಂಬುದು ಅವರಂಥ ಮಾತುಬಲ್ಲವರಿಗೆ ಹೊಳೆಯದೇ ಹೋದದ್ದು ಆಶ್ಚರ್ಯ.

ತವರು

ಸೋತ ಆರು ತಿಂಗಳಿಗೆ ಪಕ್ಷ ಅವರನ್ನು ಉತ್ತರಪ್ರದೇಶದಿಂದ ರಾಜ್ಯಸಭೆಗೆ ತಂದಿತು. 2000ದ ಸೆಪ್ಟೆಂಬರಿನಲ್ಲಿ ಮತ್ತೆ ವಾರ್ತಾ ಮತ್ತು ಪ್ರಸಾರ ಸಚಿವೆ, 2003ರಲ್ಲಿ ಆರೋಗ್ಯ ಸಚಿವೆ. 2009ರಿಂದ ಮಧ್ಯಪ್ರದೇಶದ ವಿದಿಶಾ ಅವರ ಕ್ಷೇತ್ರವಾಯಿತು, ಲೋಕಸಭೆಯ ವಿರೋಧ ಪಕ್ಷದ ನಾಯಕಿಯ ಸ್ಥಾನವೂ ಬಂತು. 2014ರಿಂದ ಐದು ವರ್ಷ ವಿದೇಶಾಂಗ ಸಚಿವೆ. ಬಳ್ಳಾರಿಯ ಸೋಲು ಅವರ ನಡಿಗೆಯನ್ನು ನಿಲ್ಲಿಸಲಿಲ್ಲ. ಪಕ್ಷಕ್ಕಾಗಿ ತಲೆಕೊಟ್ಟವರು ಎಂಬ ಲೆಕ್ಕದಲ್ಲಿ ಅದು ಜಮೆಯ ಕಡೆಗೇ ಬಿತ್ತು.

ಇತ್ತ ಬಳ್ಳಾರಿಯಲ್ಲಿ ಸೋನಿಯಾ ಬಿಟ್ಟ ಸ್ಥಾನಕ್ಕೆ 2000ದಲ್ಲಿ ಉಪಚುನಾವಣೆ ನಡೆದು ಕಾಂಗ್ರೆಸ್ಸಿನ ಕೋಳೂರು ಬಸವನಗೌಡ ಗೆದ್ದರು. ಎರಡು ಕಡೆ ಗೆದ್ದವರು ಒಂದನ್ನು ಬಿಡಲೇಬೇಕು, ಕಾನೂನೇ ಹಾಗಿದೆ. ಆದರೂ ವೋಟು ಹಾಕಿದವರಿಗೆ ಕಾನೂನು ಸಮಾಧಾನ ಹೇಳುವುದಿಲ್ಲ. ಇಂದಿರಾ ಮೇದಕ್ಕನ್ನು ಉಳಿಸಿಕೊಂಡಿದ್ದರು ಎಂದು ಮೇಲೆ ಗುರುತಿಟ್ಟದ್ದು ಇದಕ್ಕಾಗಿಯೇ.

ಸುಷ್ಮಾ ಮಾತ್ರ ವರ್ಷವರ್ಷವೂ ಶ್ರಾವಣದಲ್ಲಿ ಬಳ್ಳಾರಿಗೆ ಬಂದರು. ವರಮಹಾಲಕ್ಷ್ಮಿ ಪೂಜೆಗೆ ಕೂತು, ಬಂದ ಮುತ್ತೈದೆಯರಿಗೆ ಕುಂಕುಮ ಕೊಟ್ಟು ಹೋಗುತ್ತಿದ್ದರು. ಸಚಿವೆಯಾಗಿದ್ದಾಗಲೂ ಬಂದರು, ಅಧಿಕಾರ ಇಲ್ಲದಾಗಲೂ ಬಂದರು. ಇದರಲ್ಲಿ ರಾಜಕೀಯ ಇರಲಿಲ್ಲ ಎಂದರೆ ನಂಬುವಷ್ಟು ಮುಗ್ಧರು ಯಾರೂ ಇಲ್ಲ. ಆದರೆ ಗಾದೆಯ ಮಗಳು ಮಾಡುವುದೂ ಇದನ್ನೇ ಅಲ್ಲವೇ? ಮನೆಯ ಅಧಿಕಾರ ಅವಳಿಗಿಲ್ಲ, ಮನೆಯ ಹಬ್ಬ ಅವಳಿಲ್ಲದೆ ಆಗುವುದಿಲ್ಲ. 1999ರಲ್ಲಿ ವೇದಿಕೆಯ ಮೇಲೆ ಸೋತ ಬೇಟಿ ಎಂಬ ಪದ, ಪೂಜೆಯ ಮಣೆಯ ಮೇಲೆ ಮಗಳು ಎಂಬ ಕನ್ನಡ ಅರ್ಥವನ್ನು ಪಡೆಯಿತು. ಚುನಾವಣೆ ಕೊಡದ ಬಳ್ಳಾರಿಯನ್ನು ಹಬ್ಬ ಕೊಟ್ಟಿತು.

ಪಕ್ಷಕ್ಕೂ ಫಲ ಬಂತು. 2004ರಲ್ಲಿ ಬಿಜೆಪಿ ಬಳ್ಳಾರಿ ಲೋಕಸಭಾ ಸ್ಥಾನವನ್ನು ಮೊದಲ ಬಾರಿಗೆ ಗೆದ್ದಿತು. ಗೆದ್ದವರು ಜಿ. ಕರುಣಾಕರ ರೆಡ್ಡಿ. ಇಲ್ಲಿಂದ ಕಥೆಯ ಬಣ್ಣ ಬದಲಾಗುತ್ತದೆ.

ತವರಿನವರು

1999ರಲ್ಲಿ ಸುಷ್ಮಾ ಅವರ ಪ್ರಚಾರಕ್ಕೆ ಓಡಾಡಿದ ಸ್ಥಳೀಯರಲ್ಲಿ ಮುಖ್ಯರಾದವರು ಕರುಣಾಕರ, ಜನಾರ್ದನ ರೆಡ್ಡಿ ಸಹೋದರರು ಮತ್ತು ಬಿ. ಶ್ರೀರಾಮುಲು. ಆಗ ಅವರ ಹೆಸರು ಜಿಲ್ಲೆಯ ಹೊರಗೆ ಹೆಚ್ಚಿನವರಿಗೆ ಗೊತ್ತಿರಲಿಲ್ಲ. ಆ ಚುನಾವಣೆಯಲ್ಲಿ ವಿಧಾನಸಭೆಗೆ ನಿಂತು ಸೋತ ಶ್ರೀರಾಮುಲು 2004ರಲ್ಲಿ ಶಾಸಕರಾದರು. ಅಷ್ಟು ಹೊತ್ತಿಗೆ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ನೆಗೆದಿತ್ತು. ಗಾಲಿ ಜನಾರ್ದನ ರೆಡ್ಡಿ ಅವರ ಓಬಳಾಪುರಂ ಮೈನಿಂಗ್ ಕಂಪನಿ ಗಡಿಯ ಆಚೆ ಅನಂತಪುರ ಜಿಲ್ಲೆಯಲ್ಲಿ ಗಣಿ ನಡೆಸುತ್ತಿತ್ತು. ಸಂಡೂರು, ಹೊಸಪೇಟೆಯ ರಸ್ತೆಗಳಲ್ಲಿ ಲಾರಿಗಳ ಸಾಲು, ಮರದ ಎಲೆ, ಮನೆಯ ಗೋಡೆ, ಒಣಹಾಕಿದ ಬಟ್ಟೆಯ ಮೇಲೆಲ್ಲ ಕೆಂಪು ಧೂಳು. 2008ರಲ್ಲಿ ಬಿಜೆಪಿ 110 ಸ್ಥಾನ ಗೆದ್ದು ಪಕ್ಷೇತರರ ಬೆಂಬಲದಿಂದ ದಕ್ಷಿಣದಲ್ಲಿ ಮೊದಲ ಬಾರಿ ಸ್ವಂತ ಸರ್ಕಾರ ಮಾಡಿದಾಗ ಕರುಣಾಕರ ರೆಡ್ಡಿ, ಜನಾರ್ದನ ರೆಡ್ಡಿ, ಶ್ರೀರಾಮುಲು ಮೂವರೂ ಸಚಿವರಾದರು.

ಈ ಸಹೋದರರು ಸುಷ್ಮಾ ಅವರನ್ನು ಬಹಿರಂಗವಾಗಿ ತಾಯಿ ಎಂದು ಕರೆಯುತ್ತಿದ್ದರು. ಅವರ ತಲೆಯ ಮೇಲೆ ಕೈಯಿಟ್ಟು ಸುಷ್ಮಾ ಹರಸುತ್ತಿರುವ ಚಿತ್ರವನ್ನು ಕರ್ನಾಟಕದಲ್ಲಿ ಪತ್ರಿಕೆ ಓದುವ ಯಾರೂ ಮರೆತಿರಲಾರರು. 2009ರ ಕೊನೆಯಲ್ಲಿ ರೆಡ್ಡಿಗಳು ಯಡಿಯೂರಪ್ಪನವರ ವಿರುದ್ಧ ಬಂಡೆದ್ದಾಗ ದೆಹಲಿಯಲ್ಲಿ ಕೂರಿಸಿ ರಾಜಿ ಮಾಡಿಸಿದವರಲ್ಲಿ ಸುಷ್ಮಾ ಪ್ರಮುಖರು. ಆ ರಾಜಿಯ ಬೆಲೆಯಾಗಿ ಸಂಪುಟದಿಂದ ಹೊರಹೋದವರು ಶೋಭಾ ಕರಂದ್ಲಾಜೆ. ಗಂಡಸರ ಜಗಳ ತೀರಿಸಲು ಸಂಪುಟದ ಮಹಿಳೆಯ ಸ್ಥಾನ ತೆತ್ತದ್ದು, ಅದೂ ಇನ್ನೊಬ್ಬ ಮಹಿಳಾ ನಾಯಕಿಯ ಮಧ್ಯಸ್ಥಿಕೆಯಲ್ಲಿ. ಇದು ಈ ಪ್ರಕರಣದಲ್ಲಿ ನನಗೆ ಅತ್ಯಂತ ಇರಿಸುಮುರಿಸಿನ ಭಾಗ.

2010ರಲ್ಲಿ ಸಿದ್ದರಾಮಯ್ಯ ನೇತೃತ್ವದಲ್ಲಿ ಕಾಂಗ್ರೆಸ್ ಅಕ್ರಮ ಗಣಿಗಾರಿಕೆಯ ವಿರುದ್ಧ ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ಮಾಡಿತು. ಭಾಷಣಗಳಲ್ಲಿ ಗಣಿ ಇದ್ದಲ್ಲೆಲ್ಲ ತಾಯಿಯ ಹೆಸರೂ ಬರುವಂತಾಯಿತು. 2011ರ ಮೇ ತಿಂಗಳಲ್ಲಿ ಪತ್ರಿಕಾ ಸಂದರ್ಶನವೊಂದರಲ್ಲಿ ಸುಷ್ಮಾ, ರೆಡ್ಡಿಗಳನ್ನು ಸಚಿವರನ್ನಾಗಿ ಮಾಡಿದ್ದರಲ್ಲಿ ತನ್ನ ಪಾತ್ರವಿಲ್ಲ, ಆ ತೀರ್ಮಾನ ಪಕ್ಷದ ಬೇರೆ ನಾಯಕರದು ಎಂದರು. ಪಕ್ಷದೊಳಗೇ ದೊಡ್ಡ ಗಲಾಟೆಯಾಯಿತು. ಜುಲೈಯಲ್ಲಿ ಅಕ್ರಮ ಗಣಿಗಾರಿಕೆ ಕುರಿತು ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ ಬಂತು, ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು, ತಿಂಗಳ ಕೊನೆಯ ದಿನ ಯಡಿಯೂರಪ್ಪ ರಾಜೀನಾಮೆ ಕೊಟ್ಟರು. ಸೆಪ್ಟೆಂಬರ್ 5ರಂದು ಸಿಬಿಐ ಜನಾರ್ದನ ರೆಡ್ಡಿ ಅವರನ್ನು ಬಂಧಿಸಿತು.

ಸಚಿವರನ್ನಾಗಿ ಮಾಡಿದ್ದು ತಾನಲ್ಲ ಎಂಬ ಅವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. 2008ರಲ್ಲಿ ಸರ್ಕಾರ ಕಟ್ಟಲು ಶಾಸಕರ ತಲೆ ಎಣಿಸುತ್ತಿದ್ದವರಿಗೆ ರೆಡ್ಡಿಗಳು ಬೇಕಾಗಿದ್ದರು, ಅದಕ್ಕೆ ತಾಯಿಯ ಶಿಫಾರಸು ಬೇಕಿರಲಿಲ್ಲ. ಆದರೆ ತಲೆಯ ಮೇಲೆ ಕೈಯಿಟ್ಟವರು ಅವರೇ, ಚಿತ್ರ ಇರುವುದೂ ಅವರದೇ. ಹೊರಗಿನಿಂದ ಬಂದು ಊರಿನ ಒಳಗಿನವಳಾಗಲು ಅವರು ಹಿಡಿದ ದಾರಿ ಮನೆತನದ ದಾರಿ: ಹಬ್ಬ, ಹರಕೆ, ಅಣ್ಣ, ತಾಯಿ. ಆ ದಾರಿಯಲ್ಲಿ ಹೋದವರಿಗೆ ತವರಿನವರ ವ್ಯವಹಾರ ನನಗೆ ಸಂಬಂಧಿಸಿದ್ದಲ್ಲ ಎನ್ನುವ ಅವಕಾಶ ಇರುವುದಿಲ್ಲ. ವಿದಿಶಾದಲ್ಲಿ ಅವರು ಬರೀ ಸಂಸದೆ. ಅಲ್ಲಿ ಯಾರ ಕೆಸರೂ ಅವರ ಸೆರಗಿಗೆ ಹತ್ತಲಿಲ್ಲ. ಬಳ್ಳಾರಿಯಲ್ಲಿ ಸಂಸದೆಯಾಗದೆ ಮಗಳೂ ತಾಯಿಯೂ ಆದರು. ಕೆಂಪು ಧೂಳು ಅಲ್ಲಿಂದಲೇ ಬಂತು.

ನಂತರದ ವರ್ಷಗಳಲ್ಲಿ ಹಬ್ಬದ ಭೇಟಿ ನಿಂತಿತು. ಅವರು ಬಾರದ ಶ್ರಾವಣಗಳಲ್ಲಿ ಬಳ್ಳಾರಿಯ ಲೋಕಸಭಾ ಸ್ಥಾನ ಅತ್ತಿತ್ತ ತೂಗಿತು. 2014ರಲ್ಲಿ ಶ್ರೀರಾಮುಲು ಗೆದ್ದರು, 2018ರ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ವಿ.ಎಸ್. ಉಗ್ರಪ್ಪ, 2019ರಲ್ಲಿ ಮತ್ತೆ ಬಿಜೆಪಿ. 2019ರ ಆ ಚುನಾವಣೆಗೆ ಸುಷ್ಮಾ ನಿಲ್ಲಲಿಲ್ಲ, ಆರೋಗ್ಯ ಸರಿಯಿರಲಿಲ್ಲ.

ಆ ವರ್ಷದ ಆಗಸ್ಟ್ 6, ಮಂಗಳವಾರ ರಾತ್ರಿ ಅವರು ದೆಹಲಿಯಲ್ಲಿ ತೀರಿಕೊಂಡರು. ಬಳ್ಳಾರಿಯ ಮಾರುಕಟ್ಟೆಗೆ ಆಗಲೇ ಬಾಳೆಕಂದು, ಕಮಲದ ಹೂ ಬಂದಿಳಿಯುವ ಹೊತ್ತು. ಶುಕ್ರವಾರ ವರಮಹಾಲಕ್ಷ್ಮಿ ಹಬ್ಬವಿತ್ತು.